ಕಣ್ಣಿನ ಫೋಟೋ ನೋಡಿ ಮಾನಸಿಕ ಕಾಯಿಲೆ ಹೇಳಬಹುದಾ? ಶಿರಸಿಯಲ್ಲಿ ಒಬ್ಬರು ಹೀಗೆ ಹೇಳಿದರು

ಯಾಣದ_ದಾರಿ (ಶಿರಸಿ)
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಇದೆ ಅಂತ ಗೊತ್ತಾಗಿ ಕೆಲವು ವರ್ಷ ಆಯಿತು. ಮಾತ್ರೆ ತಪ್ಪಿಸುವುದಿಲ್ಲ, ತೋಟದ ಕೆಲಸ ನೋಡಿಕೊಳ್ಳುತ್ತಾನೆ, ಈಗ ಪರವಾಗಿಲ್ಲ. ಮೊನ್ನೆ ಅಮ್ಮನ ಕನ್ನಡಕ ಬದಲಾಯಿಸಲು ಒಂದು ಕಡೆ ಹೋಗಿದ್ದೆವು. ಅಲ್ಲಿ ಕಣ್ಣಿನ ಒಳಗಿನ ಫೋಟೋ ತೆಗೆಯುವ ಮೆಷಿನ್ ತಂದಿದ್ದಾರೆ. "ಇದರಲ್ಲಿ ಶುಗರ್, ಬಿಪಿ ಮಾತ್ರ ಅಲ್ಲ, ಮಾನಸಿಕ ಕಾಯಿಲೆ, ಮರೆವಿನ ಕಾಯಿಲೆ ಎಲ್ಲಾ ಗೊತ್ತಾಗುತ್ತದೆ. ಕಂಪ್ಯೂಟರೇ ಹೇಳುತ್ತದೆ" ಅಂದರು. ಮನೆಯವರಿಗೆಲ್ಲ ಸೇರಿ ಒಂದು ಪ್ಯಾಕೇಜ್ ಇದೆಯಂತೆ.

ಅಮ್ಮ ಅವತ್ತಿನಿಂದ ಅದನ್ನೇ ಹಿಡಿದಿದ್ದಾರೆ. ನೆಂಟರಲ್ಲಿ ಕೆಲವರು ತಮ್ಮನದು ಸೋಗು, ಸೋಮಾರಿತನ ಅನ್ನುತ್ತಾರೆ. ಉಳಿದವರು ಮಾಟ, ದೋಷ ಅನ್ನುತ್ತಾರೆ. ತೋರಿಸಲು ನಮ್ಮ ಹತ್ತಿರ ಎಕ್ಸ್‌ರೇ ಇಲ್ಲ, ರಕ್ತದ ರಿಪೋರ್ಟ್ ಇಲ್ಲ. ಒಂದು ಫೋಟೋ ಸಿಕ್ಕರೆ ಅವರ ಮುಂದೆ ಇಡಬಹುದು ಅನ್ನುವುದು ಅಮ್ಮನ ಆಸೆ.

ಇದು ನಿಜವಾ? ಮಾಡಿಸಬೇಕಾ?

ಕಾಳಿ_ದಂಡೆ (ಕಾರವಾರ)
ಅಕ್ಕಾ, ಆ ಪ್ಯಾಕೇಜಿಗೆ ದುಡ್ಡು ಕೊಡಬೇಡಿ. ನಾನು ಆಪ್ಟೋಮೆಟ್ರಿ ಓದಿದವನು, ಇದೇ ಥರದ ಮೆಷಿನ್ ಮುಂದೆ ದಿನಾ ಕೂರುತ್ತೇನೆ. ಇದಕ್ಕೆ ಫಂಡಸ್ ಕ್ಯಾಮೆರಾ ಅನ್ನುತ್ತಾರೆ, ಒಳ್ಳೆಯ ಸಾಧನ. ಶುಗರ್‌ನಿಂದ ರೆಟಿನಾದಲ್ಲಿ (ಕಣ್ಣಿನ ಹಿಂದಿನ ನರದ ಪದರ) ರಕ್ತ ಒಸರಿದ್ದು, ಬಿಪಿಯಿಂದ ರಕ್ತನಾಳ ಸಣ್ಣಗಾಗಿದ್ದು, ದೃಷ್ಟಿ ನರ ಹಾಳಾಗುವ ಗ್ಲಾಕೋಮಾದಲ್ಲಿ ಆ ನರದ ತುದಿಯ ಗುಳಿ ದೊಡ್ಡದಾಗಿದ್ದು, ಇವೆಲ್ಲ ಕಾಣುತ್ತವೆ. ಆದರೆ ಒಬ್ಬ ಮನುಷ್ಯನ ಕಣ್ಣಿನ ಫೋಟೋ ನೋಡಿ ಇವನಿಗೆ ಸ್ಕಿಜೋಫ್ರೇನಿಯಾ ಇದೆ ಅಥವಾ ಇಲ್ಲ ಅಂತ ಹೇಳುವ ಒಪ್ಪಿತ ಪರೀಕ್ಷೆ ಇವತ್ತಿಗೆ ಇಲ್ಲ.

ಹೊನ್ನಾವರ_ಬಂದರು
ಎಲ್ಲಾ ದುಡ್ಡು ಮಾಡುವ ದಾರಿ ಮಾರಾಯ್ರೆ. ಕಣ್ಣಿಗೂ ತಲೆಯ ಕಾಯಿಲೆಗೂ ಎಂತ ಸಂಬಂಧ?

ಬನವಾಸಿ_ಮಾಸ್ತರ
ಸಂಬಂಧ ಇದೆ, ತುಂಬಾ ಹತ್ತಿರದ್ದೇ ಇದೆ. ಪ್ಯಾಕೇಜ್ ಮಾರುವವರ ಮೇಲಿನ ಸಿಟ್ಟಿಗೆ ಅದನ್ನು ಅಲ್ಲಗಳೆಯಬೇಡಿ.

ಹೊಟ್ಟೆಯಲ್ಲಿ ಮಗು ಬೆಳೆಯುವಾಗ ನಾಲ್ಕನೇ ವಾರದ ಹೊತ್ತಿಗೆ ಮುಂದಿನ ಮಿದುಳಿನ ಎರಡೂ ಬದಿಯಿಂದ ಒಂದೊಂದು ಉಬ್ಬು ಹೊರಗೆ ಬರುತ್ತದೆ. ಅದೇ ಮುಂದೆ ಬಟ್ಟಲಿನ ಆಕಾರ ತಾಳಿ ರೆಟಿನಾ ಆಗುತ್ತದೆ. ಅಂದರೆ ರೆಟಿನಾ ಹುಟ್ಟಿದ್ದೇ ಮಿದುಳಿನಿಂದ. ಅದರಲ್ಲಿ ಬೆಳಕು ಹಿಡಿಯುವ ರಾಡ್ ಕೋಶಗಳು ಸುಮಾರು 12 ಕೋಟಿ, ಬಣ್ಣ ಗುರುತಿಸುವ ಕೋನ್ ಕೋಶಗಳು ಸುಮಾರು 60 ಲಕ್ಷ. ಆದರೆ ಒಂದು ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿ ನರದಲ್ಲಿ ಎಳೆಗಳು ಬರೀ 10-12 ಲಕ್ಷ. ಅಷ್ಟು ಕೋಶಗಳ ಸುದ್ದಿ ಇಷ್ಟು ಎಳೆಗಳಲ್ಲಿ ಹೋಗಬೇಕಾದರೆ ಸೋಸುವುದು, ಹೋಲಿಸುವುದು, ಬೇಡದ್ದನ್ನು ಬಿಡುವುದು ಎಲ್ಲಾ ರೆಟಿನಾದಲ್ಲೇ ಶುರುವಾಗಬೇಕು. ಮಿದುಳು ಮಾಡುವ ಕೆಲಸವೂ ಅದೇ ಅಲ್ವಾ? ಕಹಾಲ್ ಅನ್ನುವ ಸ್ಪೇನಿನ ವಿಜ್ಞಾನಿ ನರಕೋಶಗಳ ಕೆಲಸಕ್ಕೆ 1906ರಲ್ಲಿ ನೊಬೆಲ್ ಪಡೆದರು. ರೆಟಿನಾದ ಪದರಗಳನ್ನು ಅವರು ಕೈಯಲ್ಲಿ ಬಿಡಿಸಿದ ಚಿತ್ರಗಳು ಇವತ್ತಿಗೂ ನೋಡುವ ಹಾಗಿವೆ.

ಚರ್ಮ ಕೊಯ್ಯದೆ, ತಲೆಬುರುಡೆ ತೆರೆಯದೆ, ಜೀವಂತ ಮನುಷ್ಯನ ನರ ಮತ್ತು ರಕ್ತನಾಳವನ್ನು ನೇರವಾಗಿ ನೋಡಲು ಸಿಗುವ ಜಾಗ ಇದು. 1851ರಲ್ಲಿ ಹೆಲ್ಮ್‌ಹೋಲ್ಟ್ಸ್ ಕಣ್ಣಿನೊಳಗೆ ನೋಡುವ ಉಪಕರಣವನ್ನು ಪ್ರಕಟಿಸಿದ. ಅವತ್ತಿನಿಂದಲೂ ಡಾಕ್ಟರುಗಳು ಕಣ್ಣಿನ ಮೂಲಕ ತಲೆಯ ತೊಂದರೆ ಹುಡುಕುತ್ತಲೇ ಇದ್ದಾರೆ.

ತದಡಿ_ಬೋಟ್
ಮಾಸ್ತರು ಹೇಳಿದ್ದು ನಮ್ಮ ಮನೆಯಲ್ಲೇ ಆಗಿದೆ. ನಮ್ಮ ಚಿಕ್ಕಮ್ಮನ ಮಗಳಿಗೆ ತಲೆನೋವು. ಬೆಳಿಗ್ಗೆ ಎದ್ದ ಕೂಡಲೇ ಜಾಸ್ತಿ. ಬಗ್ಗಿ ಮೀನಿನ ಬುಟ್ಟಿ ಎತ್ತಿದರೆ ಒಂದು ಕ್ಷಣ ಕಣ್ಣು ಕತ್ತಲೆ. ಎಲ್ಲರೂ ಮೈಗ್ರೇನ್ ಅಂದರು, ಮೊಬೈಲ್ ನೋಡಿ ನೋಡಿ ಹೀಗಾಗಿದೆ ಅಂದರು. ಕೊನೆಗೆ ಒಬ್ಬ ಕಣ್ಣಿನ ಡಾಕ್ಟರು ಡ್ರಾಪ್ಸ್ ಹಾಕಿ ಒಳಗೆ ನೋಡಿದರು. "ದೃಷ್ಟಿ ನರ ಊದಿದೆ, ತಲೆಯೊಳಗೆ ಒತ್ತಡ ಜಾಸ್ತಿ ಇದೆ, ಇವತ್ತೇ ಮಂಗಳೂರಿಗೆ ಹೊರಡಿ" ಅಂದರು. ಎಂಆರ್‌ಐ ಆಯಿತು, ಗಡ್ಡೆ ಇರಲಿಲ್ಲ. ಬೆನ್ನಿನ ನೀರು ತೆಗೆದು ಒತ್ತಡ ಅಳೆದರು, ಮಾತ್ರೆ ಕೊಟ್ಟರು, ತೂಕ ಇಳಿಸಲು ಹೇಳಿದರು. ಈಗ ಆರಾಮ ಇದ್ದಾಳೆ. ಇನ್ನೂ ತಡ ಮಾಡಿದ್ದರೆ ದೃಷ್ಟಿಯೇ ಹೋಗುತ್ತಿತ್ತಂತೆ.

ಹಾಗಾಗಿ ಕಣ್ಣಿಗೂ ತಲೆಗೂ ಎಂತ ಸಂಬಂಧ ಅಂತ ಕೇಳಬೇಡಿ ಹೊನ್ನಾವರದವರೇ.

ಹೊನ್ನಾವರ_ಬಂದರು
ಅದು ಒತ್ತಡ, ಊತ. ಕಣ್ಣಿಗೆ ಕಾಣುವಂಥದ್ದು. ಇಲ್ಲಿ ಕೇಳಿದ್ದು ಮನಸ್ಸಿನ ಕಾಯಿಲೆ. ಎರಡೂ ಒಂದೇನಾ?

ಕುಮಟಾ_ಟು_ಬೆಂಗಳೂರು
ಒಳ್ಳೆಯ ಪ್ರಶ್ನೆ. ನಾನು ಬೆಂಗಳೂರಿನಲ್ಲಿ ನ್ಯೂರೋಸೈನ್ಸ್ ಓದುತ್ತಿದ್ದೇನೆ, ಈ ವಿಷಯ ಸ್ವಲ್ಪ ಹತ್ತಿರದಿಂದ ಗೊತ್ತು.

ಮನಸ್ಸಿನ ಕಾಯಿಲೆಯಲ್ಲೂ ರೆಟಿನಾದಲ್ಲಿ ವ್ಯತ್ಯಾಸ ಕಂಡಿದೆ. ಇದು ಕಟ್ಟುಕಥೆ ಅಲ್ಲ. ಮೂರು ಥರ ನೋಡುತ್ತಾರೆ.

ಮೊದಲನೆಯದು ದಪ್ಪ. ಓಸಿಟಿ ಅನ್ನುವ ಸ್ಕ್ಯಾನ್ 1991ರಲ್ಲಿ ಬಂತು. ಬೆಳಕು ಬಿಟ್ಟು ರೆಟಿನಾದ ಒಂದೊಂದು ಪದರದ ದಪ್ಪವನ್ನು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಲೆಕ್ಕದಲ್ಲಿ ಅಳೆಯುತ್ತದೆ. ಮುಟ್ಟುವುದಿಲ್ಲ, ನೋವಿಲ್ಲ, ಕೆಲವೇ ನಿಮಿಷ. ದೃಷ್ಟಿ ನರದ ಸುತ್ತಲಿನ ನರದ ಎಳೆಗಳ ಪದರ ಸುಮಾರು 100 ಮೈಕ್ರಾನ್ ಇರುತ್ತದೆ. ಸ್ಕಿಜೋಫ್ರೇನಿಯಾ ಇರುವವರ ಗುಂಪಿನಲ್ಲಿ ಇದರ ಸರಾಸರಿ ಸ್ವಲ್ಪ ತೆಳು ಅಂತ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡಿದೆ.

ಎರಡನೆಯದು ರಕ್ತನಾಳ. ನ್ಯೂಜಿಲೆಂಡಿನ ಡನೆಡಿನ್‌ನಲ್ಲಿ ಹುಟ್ಟಿನಿಂದ ಹಿಂಬಾಲಿಸಿದ ಒಂದು ಗುಂಪಿನಲ್ಲಿ, ಈ ಕಾಯಿಲೆ ಇರುವವರ ರೆಟಿನಾದ ಸಣ್ಣ ಅಭಿಧಮನಿಗಳು ಅಗಲವಾಗಿದ್ದವು ಅಂತ 2013ರಲ್ಲಿ ಬಂತು. ನಮ್ಮ ಬೆಂಗಳೂರಿನಲ್ಲೂ ಕೆಲಸ ಆಗಿದೆ. ನಿಮ್ಹಾನ್ಸ್‌ನವರು, ಬಿಎಂಎಸ್ ಎಂಜಿನಿಯರಿಂಗ್ ಕಾಲೇಜಿನವರು ಮತ್ತು ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದವರು ಸೇರಿ ಸ್ಕಿಜೋಫ್ರೇನಿಯಾ ಮತ್ತು ಬೈಪೋಲಾರ್ (ಮನಸ್ಸು ಅತಿ ಉತ್ಸಾಹ, ಖಿನ್ನತೆಗಳ ಮಧ್ಯೆ ಓಲಾಡುವ ಕಾಯಿಲೆ) ಇರುವವರ ರೆಟಿನಾದಲ್ಲಿ ರಕ್ತನಾಳಗಳು ಬಾಗುವ ರೀತಿಯನ್ನು ಆರೋಗ್ಯವಂತರ ಜೊತೆ ಹೋಲಿಸಿದ್ದಾರೆ.

ಮೂರನೆಯದು ವಿದ್ಯುತ್ ಅಲೆ, ಅಂದರೆ ಇಆರ್‌ಜಿ. ಹೃದಯಕ್ಕೆ ಇಸಿಜಿ ಇದ್ದ ಹಾಗೆ. ಬೆಳಕು ಮಿನುಗಿಸಿ ರೆಟಿನಾ ಕೊಡುವ ಉತ್ತರ ಅಳೆಯುವುದು. ನನಗೆ ತುಂಬಾ ಹಿಡಿಸಿದ ಕೆಲಸ ಇದರಲ್ಲೇ ಇದೆ. 2010ರಲ್ಲಿ ಜರ್ಮನಿಯ ಫ್ರೈಬರ್ಗ್‌ನ ತಂಡ ಖಿನ್ನತೆ ಇರುವವರಿಗೆ ಕಪ್ಪು ಬಿಳಿ ಚೌಕಗಳನ್ನು ತೋರಿಸಿ ಅಳೆಯಿತು. ಕಪ್ಪು ಬಿಳಿ ವ್ಯತ್ಯಾಸಕ್ಕೆ ಅವರ ರೆಟಿನಾದ ಉತ್ತರವೇ ಕಡಿಮೆ ಇತ್ತು. ಚಿಕಿತ್ಸೆಯಲ್ಲಿ ಚೇತರಿಸಿಕೊಂಡವರಲ್ಲಿ ಅದು ಮತ್ತೆ ಮೇಲೆ ಬಂತು ಅಂತ ಅದೇ ತಂಡ ಆಮೇಲೆ ಬರೆಯಿತು. "ಎಲ್ಲಾ ಮಂಕಾಗಿ ಕಾಣುತ್ತದೆ" ಅಂತ ರೋಗಿ ಹೇಳಿದಾಗ ಅದನ್ನು ಬರೀ ಮಾತು ಅಂತ ತಳ್ಳಿಹಾಕಬಾರದು ಅನ್ನಿಸುತ್ತದೆ.

ಯಾಣದ_ದಾರಿ (ಶಿರಸಿ)
ತಂಗಿ, ಇದನ್ನು ಓದಿ ಕಣ್ಣಲ್ಲಿ ನೀರು ಬಂತು. ತಮ್ಮ ಮೊದಲು ಹುಷಾರು ತಪ್ಪಿದಾಗ ಇದನ್ನೇ ಹೇಳುತ್ತಿದ್ದ. ಬೆಳಕು ಚುಚ್ಚುತ್ತದೆ, ಮುಖಗಳು ಸರಿಯಾಗಿ ಕೂರುತ್ತಿಲ್ಲ, ಅಡಿಕೆ ಮರ ಹಸಿರು ಇಲ್ಲ ಅನ್ನುತ್ತಿದ್ದ. ನಾವು ನಿದ್ದೆ ಕೆಟ್ಟಿದ್ದಕ್ಕೆ ಹಾಗೆ ಅಂದುಕೊಂಡೆವು. ಹಾಗಾದರೆ ಅವನ ಕಣ್ಣಿನಲ್ಲೂ ಏನಾದರೂ ಕಾಣಬಹುದಾ?

ಕುಮಟಾ_ಟು_ಬೆಂಗಳೂರು
ಅಕ್ಕಾ, ನೋಡುವುದರಲ್ಲಿ ಆಗುವ ಇಂಥ ಬದಲಾವಣೆ ಈ ಕಾಯಿಲೆಯಲ್ಲಿ ತುಂಬಾ ಜನ ಹೇಳುತ್ತಾರೆ. ತಮ್ಮ ಹೇಳಿದ್ದು ನಿಜ. ಅದನ್ನು ಅವರ ಡಾಕ್ಟರಿಗೂ ಹೇಳಿ.

ಆದರೆ ಫೋಟೋದಲ್ಲಿ ಕಾಣಬಹುದಾ ಅಂದರೆ ಇಲ್ಲ ಅನ್ನಬೇಕು. ನಾನು ಮೇಲೆ ಬರೆದದ್ದೆಲ್ಲ ಗುಂಪಿನ ಸರಾಸರಿ. ಕಾಯಿಲೆ ಇರುವ ಎಷ್ಟೋ ಜನರ ರೆಟಿನಾ ಎಲ್ಲರ ಹಾಗೇ ಇರುತ್ತದೆ. ಕಾಯಿಲೆ ಇಲ್ಲದ ಎಷ್ಟೋ ಜನರದು ತೆಳು ಇರುತ್ತದೆ. ಗ್ಲಾಕೋಮಾ ಇದ್ದರೂ ತೆಳು ಆಗುತ್ತದೆ. ನರಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲೂ ಆಗುತ್ತದೆ, ಆಲ್‌ಝೈಮರ್‌ನಲ್ಲೂ ಆಗುತ್ತದೆ. ದೂರದ್ದು ಕಾಣದೆ ಮೈನಸ್ ನಂಬರಿನ ದಪ್ಪ ಕನ್ನಡಕ ಹಾಕುವವರಲ್ಲೂ ತೆಳುವಾಗಿಯೇ ಬರುತ್ತದೆ. ಇದರ ಮೇಲೆ ಶುಗರ್, ಬಿಪಿ, ಬೀಡಿ ಸಿಗರೇಟು. ಮಾನಸಿಕ ಕಾಯಿಲೆ ಇರುವವರಲ್ಲಿ ಇವು ಮೂರೂ ಜಾಸ್ತಿ. ರೆಟಿನಾ ತೆಳುವಾಗಿದ್ದು ಕಾಯಿಲೆಯಿಂದಲೋ ಸಿಗರೇಟಿನಿಂದಲೋ ಬಿಡಿಸಿ ಹೇಳುವುದು ಕಷ್ಟ. ಸಂಶೋಧಕರ ಮಧ್ಯೆ ಈಗ ಇರುವ ದೊಡ್ಡ ಜಗಳವೇ ಇದು.

ಮಾವಿನಗುಂಡಿ_88
ಇಷ್ಟೆಲ್ಲ ಯಾಕೆ? ಕಣ್ಣಿನ ಬಣ್ಣದ ಭಾಗದಲ್ಲಿ ಚುಕ್ಕೆ, ಗೆರೆ ನೋಡಿ ಕಿಡ್ನಿ, ಲಿವರ್, ಮನಸ್ಸು ಎಲ್ಲಾ ಹೇಳುವವರು ಇದ್ದಾರೆ. ನಮ್ಮ ಮಾವನಿಗೆ ಸರಿಯಾಗಿ ಹೇಳಿದ್ದರು.

ಕಾಳಿ_ದಂಡೆ (ಕಾರವಾರ)
ಅದು ಐರಿಡಾಲಜಿ. ಅದನ್ನೂ ಇದನ್ನೂ ಸೇರಿಸಬೇಡಿ ಅಣ್ಣಾ. ಐರಿಸ್ ಅಂದರೆ ಪಾಪೆಯ ಸುತ್ತ ಇರುವ ಬಣ್ಣದ ಉಂಗುರ. ರೆಟಿನಾ ಕಣ್ಣಿನ ಹಿಂದಿನ ಗೋಡೆಯಲ್ಲಿ ಇರುವ ನರದ ಪದರ. ಐರಿಡಾಲಜಿಯನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 1979ರಲ್ಲಿ ಅಮೆರಿಕದಲ್ಲಿ ಕಿಡ್ನಿ ಕಾಯಿಲೆ ಇದ್ದವರು, ಇಲ್ಲದವರು ಒಟ್ಟು 143 ಜನರ ಕಣ್ಣಿನ ಫೋಟೋ ಕೊಟ್ಟರು. ಮೂವರು ಐರಿಡಾಲಜಿಯವರು ನೋಡಿದರೂ ಯಾರಿಗೆ ಕಾಯಿಲೆ ಅಂತ ಗುರುತಿಸಲು ಆಗಲಿಲ್ಲ.

ಮಾವಿನಗುಂಡಿ_88
ಮತ್ತೆ ಕಣ್ಣಿನಲ್ಲಿ ತಾಮ್ರದ ಉಂಗುರ ಕಂಡು ತಲೆಯ ಕಾಯಿಲೆ ಹಿಡಿಯುತ್ತಾರಲ್ಲ, ಅದು?

ಬನವಾಸಿ_ಮಾಸ್ತರ
ಅದು ವಿಲ್ಸನ್ ಕಾಯಿಲೆ, ಮತ್ತು ಅದು ನಿಜ. ದೇಹದಿಂದ ತಾಮ್ರ ಹೊರಗೆ ಹೋಗದೆ ಲಿವರ್‌ನಲ್ಲಿ, ಮಿದುಳಿನಲ್ಲಿ ಸೇರುತ್ತದೆ. ಉಂಗುರ ಬರುವುದು ಐರಿಸ್‌ನಲ್ಲೂ ಅಲ್ಲ, ರೆಟಿನಾದಲ್ಲೂ ಅಲ್ಲ. ಮುಂದಿನ ಪಾರದರ್ಶಕ ಪದರ ಕಾರ್ನಿಯಾದ ಅಂಚಿನಲ್ಲಿ. ಹರೆಯದ ಹುಡುಗ ಹುಡುಗಿಯರಲ್ಲಿ ನಡವಳಿಕೆ ಬದಲಾಗಿ ಜೊತೆಗೆ ಕೈ ನಡುಕ, ಮಾತು ತೊದಲುವುದು ಇದ್ದರೆ ಡಾಕ್ಟರು ಅದನ್ನು ಹುಡುಕುತ್ತಾರೆ. ಔಷಧಿ ಇರುವ ಕಾಯಿಲೆ, ಬೇಗ ಹಿಡಿದರೆ ಬದುಕು ಉಳಿಯುತ್ತದೆ.

ಮಲೇರಿಯಾ ಮಿದುಳಿಗೆ ಏರಿದಾಗಲೂ ರೆಟಿನಾ ಸುಳಿವು ಕೊಡುತ್ತದೆ. ಆಫ್ರಿಕಾದ ಮಲಾವಿಯಲ್ಲಿ ಪ್ರಜ್ಞೆ ತಪ್ಪಿ ಸತ್ತ ಮಕ್ಕಳ ಮರಣೋತ್ತರ ಪರೀಕ್ಷೆ ಮಾಡಿದಾಗ, ಮಲೇರಿಯಾ ಅಂದುಕೊಂಡಿದ್ದವರಲ್ಲಿ ನಾಲ್ಕರಲ್ಲಿ ಒಂದು ಪಾಲಿನಷ್ಟು ಮಕ್ಕಳು ಬೇರೆ ಕಾರಣಕ್ಕೆ ಸತ್ತಿದ್ದರು. ಬದುಕಿದ್ದಾಗ ಈ ಎರಡನ್ನೂ ಬೇರೆ ಮಾಡಿ ತೋರಿಸುವ ಒಳ್ಳೆಯ ಗುರುತು ರೆಟಿನಾದಲ್ಲೇ ಇತ್ತು. ಅಲ್ಲಲ್ಲಿ ಬಿಳಿಚಿಕೊಂಡದ್ದು, ರಕ್ತನಾಳದ ಬಣ್ಣ ಬದಲಾದದ್ದು, ನಡುವೆ ಬಿಳಿ ಇರುವ ರಕ್ತದ ಚುಕ್ಕೆಗಳು.

ಅಘನಾಶಿನಿ_ಐಟಿ
ನಾನು ಸಾಫ್ಟ್‌ವೇರಿನಲ್ಲಿ ಇರುವವನು. ಕಂಪ್ಯೂಟರನ್ನು ಇಷ್ಟು ಸುಲಭವಾಗಿ ತಳ್ಳಿಹಾಕಬೇಡಿ. 2018ರಲ್ಲಿ ಗೂಗಲ್‌ನವರು 2,84,335 ಜನರ ಕಣ್ಣಿನ ಫೋಟೋ ಮೇಲೆ ಎಐ ತರಬೇತಿ ಕೊಟ್ಟರು. ಬರೀ ಫೋಟೋ ನೋಡಿ ವಯಸ್ಸು, ಗಂಡೋ ಹೆಣ್ಣೋ, ಸಿಗರೇಟು ಸೇದುತ್ತಾರಾ ಅಂತ ಅದು ಅಂದಾಜು ಮಾಡಿತು. ರೆಟಿನಾ ನೋಡಿ ಗಂಡು ಹೆಣ್ಣು ಹೇಳುವುದು ಕಣ್ಣಿನ ಡಾಕ್ಟರುಗಳಿಗೇ ಆಗುತ್ತಿರಲಿಲ್ಲ. ಬ್ರಿಟನ್ನಿನಲ್ಲಿ ಹಳೆಯ ಓಸಿಟಿ ಸ್ಕ್ಯಾನ್‌ಗಳನ್ನು ತೆಗೆದು ನೋಡಿದಾಗ ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆ ಗೊತ್ತಾಗುವ ಸರಾಸರಿ ಏಳು ವರ್ಷ ಮೊದಲೇ ಒಳಗಿನ ಪದರ ತೆಳುವಾಗಿತ್ತು ಅಂತ 2023ರಲ್ಲಿ ಬಂತು. ಇವತ್ತು ಇಲ್ಲದ್ದು ಐದು ವರ್ಷ ಬಿಟ್ಟು ಬರಬಹುದು.

ಕುಮಟಾ_ಟು_ಬೆಂಗಳೂರು
ಬರಬಹುದು, ಬರಲಿ ಅಂತಲೇ ನನ್ನ ಆಸೆ. ರೆಟಿನಾದಲ್ಲೂ ಡೋಪಮಿನ್ (ನರಕೋಶಗಳ ಮಧ್ಯೆ ಸುದ್ದಿ ಒಯ್ಯುವ ರಾಸಾಯನಿಕ) ಬಳಸುವ ಕೋಶಗಳಿವೆ, ಪಾರ್ಕಿನ್ಸನ್‌ನಲ್ಲಿ ಅವಕ್ಕೂ ಪೆಟ್ಟು ಬೀಳುತ್ತದೆ. ಹಾಗಾಗಿ ಆ ಫಲಿತಾಂಶಕ್ಕೆ ಅರ್ಥ ಇದೆ.

ಆದರೆ ಎಐ ಏನು ಕಲಿತಿದೆ ಅಂತ ನೋಡಬೇಕು. 2023ರಲ್ಲೇ ದಕ್ಷಿಣ ಕೊರಿಯಾದಿಂದ ಒಂದು ವರದಿ ಬಂತು. ಕಣ್ಣಿನ ಫೋಟೋದಿಂದ ಮಕ್ಕಳಲ್ಲಿ ಆಟಿಸಂ ಅನ್ನು ನೂರಕ್ಕೆ ನೂರು ಬೇರೆ ಮಾಡಿದೆ ಅಂತ. ಪೇಪರುಗಳಲ್ಲಿ ದೊಡ್ಡ ಸುದ್ದಿ ಆಯಿತು. ಆಮೇಲೆ ಬೇರೆಯವರು ಕೂತು ಓದಿದರೆ, ಆಟಿಸಂ ಇರುವ ಮಕ್ಕಳ ಫೋಟೋ ಆ ಅಧ್ಯಯನಕ್ಕಾಗಿಯೇ ತೆಗೆದದ್ದು. ಉಳಿದ ಮಕ್ಕಳದು ಕಣ್ಣಿನ ವಿಭಾಗದ ಹಳೆಯ ದಾಖಲೆಯಿಂದ ಆರಿಸಿದ್ದು. ಕ್ಯಾಮೆರಾ, ಕೋಣೆ, ಬೆಳಕು ಬೇರೆ ಬೇರೆ ಇದ್ದರೆ ಎಐ ಆ ವ್ಯತ್ಯಾಸವನ್ನೇ ಕಲಿತಿರಬಹುದು. ಹೊಸ ಊರಿನಲ್ಲಿ, ಹೊಸ ಕ್ಯಾಮೆರಾದಲ್ಲಿ, ಬೇರೆ ಜನರ ಮೇಲೆ ಪರೀಕ್ಷೆ ಆಗದ ತನಕ ನೂರಕ್ಕೆ ನೂರು ಅನ್ನುವ ಮಾತನ್ನು ನಂಬಬಾರದು.

ಅಘನಾಶಿನಿ_ಐಟಿ
ಒಪ್ಪಿದೆ. ಆದರೂ 90 ಪರ್ಸೆಂಟ್ ಸರಿ ಹೇಳುವ ಯಂತ್ರ ಬಂದರೆ ಬಳಸುವುದರಲ್ಲಿ ತಪ್ಪೇನು?

ಬನವಾಸಿ_ಮಾಸ್ತರ
ಲೆಕ್ಕ ಮಾಡೋಣ. ಪ್ರಪಂಚದಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಶಿಬಿರದಲ್ಲಿ 3,000 ಜನರನ್ನು ಕೂರಿಸಿದರೆ 10 ಜನರಿಗೆ ಕಾಯಿಲೆ ಇರಬಹುದು. ನಿಮ್ಮ ಯಂತ್ರ ಅವರಲ್ಲಿ 9 ಜನರನ್ನು ಹಿಡಿಯುತ್ತದೆ. ಉಳಿದ 2,990 ಜನರಲ್ಲಿ ಹತ್ತು ಪರ್ಸೆಂಟ್, ಅಂದರೆ 299 ಜನರಿಗೆ ಕಾಯಿಲೆ ಇಲ್ಲದಿದ್ದರೂ ಇದೆ ಅನ್ನುತ್ತದೆ. ಒಟ್ಟು 308 ಜನ ಹೆದರಿಕೊಂಡು ಮನೆಗೆ ಹೋಗುತ್ತಾರೆ. ಅವರಲ್ಲಿ ನಿಜವಾದ ರೋಗಿಗಳು 9. ನಮ್ಮ ಊರುಗಳಲ್ಲಿ ಒಂದು ಹುಡುಗಿಗೆ ಇಂಥ ಹಣೆಪಟ್ಟಿ ಅಂಟಿದರೆ ಮದುವೆ, ಕೆಲಸ ಏನಾಗುತ್ತದೆ ಅಂತ ಯೋಚಿಸಿ.

ಹೊನ್ನಾವರ_ಬಂದರು
ಇದನ್ನೇ ನಾನು ಹೇಳಿದ್ದು! ಮಾಸ್ತರ ಲೆಕ್ಕ ಆ ಅಂಗಡಿಯ ಬಾಗಿಲಿಗೆ ಅಂಟಿಸಬೇಕು.

ಶರಾವತಿ_ಸಂಗಮ
ಒಂದು ಕುತೂಹಲದ ವಿಷಯ. ಹುಟ್ಟಿನಿಂದ ಕುರುಡರಾದವರಿಗೆ ಸ್ಕಿಜೋಫ್ರೇನಿಯಾ ಬರುವುದೇ ಇಲ್ಲ ಅಂತ ಓದಿದ್ದೇನೆ. ಅದು ನಿಜ ಆದರೆ ಕಣ್ಣಿನಲ್ಲೇ ಮೂಲ ಇದೆ ಅಂತ ಆಯಿತಲ್ಲ?

ಕುಮಟಾ_ಟು_ಬೆಂಗಳೂರು
ಆ ಮಾತು ಬಹಳ ಓಡಾಡುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1980ರಿಂದ 2001ರ ತನಕ ಹುಟ್ಟಿದ ಸುಮಾರು 4.68 ಲಕ್ಷ ಮಕ್ಕಳ ದಾಖಲೆ ನೋಡಿದರು. 1,870 ಜನರಿಗೆ ಸ್ಕಿಜೋಫ್ರೇನಿಯಾ ಬಂದಿತ್ತು. ಮಿದುಳಿನ ದೃಷ್ಟಿ ಭಾಗದ ತೊಂದರೆಯಿಂದ ಕುರುಡಾದ 66 ಮಕ್ಕಳಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಕೇಳಲು ದೊಡ್ಡದಾಗಿ ಕಾಣುತ್ತದೆ. ಆದರೆ ಉಳಿದವರ ಪ್ರಮಾಣದಲ್ಲೇ ಬರುವುದಾದರೂ 66 ಜನರಲ್ಲಿ ಒಂದು ಕೂಡ ನಿರೀಕ್ಷೆ ಮಾಡುವ ಹಾಗಿಲ್ಲ, 0.26 ಬರುತ್ತದೆ. ಸೊನ್ನೆ ಸಿಕ್ಕಿದ್ದರಿಂದ ಏನೂ ಸಾಬೀತಾಗುವುದಿಲ್ಲ. ಮತ್ತೆ ಅಲ್ಲಿ ಕೆಟ್ಟಿದ್ದು ಮಿದುಳಿನ ಭಾಗ, ರೆಟಿನಾ ಅಲ್ಲ.

ಶರಾವತಿ_ಸಂಗಮ
ಸಂಖ್ಯೆ ಚಿಕ್ಕದು ಅಂತ ಪ್ರಶ್ನೆಯೇ ತಪ್ಪಾಗುವುದಿಲ್ಲ. ಕಣ್ಣಿನಿಂದ ಬರುವ ಸುದ್ದಿ ಕೆಟ್ಟರೆ ಮಿದುಳಿನ ಊಹೆ ಕೆಡುತ್ತದೆ ಅನ್ನುವುದು ಯೋಚಿಸಬೇಕಾದ ವಿಷಯವೇ.

ಕುಮಟಾ_ಟು_ಬೆಂಗಳೂರು
ಪ್ರಶ್ನೆ ಬಿಡಬೇಡಿ, ಅದರ ಮೇಲೆ ಕೆಲಸ ನಡೆಯುತ್ತಲೇ ಇದೆ.

ಮಲೆನಾಡ_ಮಳೆ (ಸಿದ್ದಾಪುರ)
ಕಣ್ಣಿಗೂ ಮನಸ್ಸಿಗೂ ಸಂಬಂಧ ಇದೆ ಅಂತ ಮಳೆಗಾಲದಲ್ಲಿ ನಮಗೆಲ್ಲ ಗೊತ್ತಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಸಿಲು ಕಾಣದಿದ್ದರೆ ಏನೂ ಬೇಡ ಅನ್ನಿಸುತ್ತದೆ. ಅತ್ತೆಯವರಂತೂ ಆ ತಿಂಗಳಲ್ಲಿ ಮಾತೇ ಆಡುವುದಿಲ್ಲ. ಇದಕ್ಕೂ ರೆಟಿನಾಕ್ಕೂ ಸಂಬಂಧ ಇದೆಯಾ?

ಕುಮಟಾ_ಟು_ಬೆಂಗಳೂರು
ರೆಟಿನಾದಲ್ಲಿ ನೋಡುವ ಕೆಲಸಕ್ಕಿಂತ ಬೇರೆ ಕೆಲಸಕ್ಕೆ ಇರುವ ಕೋಶಗಳಿವೆ. ಮೆಲನಾಪ್ಸಿನ್ ಅನ್ನುವ ವಸ್ತು ಇರುವ ನರಕೋಶಗಳು. ಅವು ತಾವೇ ಬೆಳಕು ಹಿಡಿಯುತ್ತವೆ ಅಂತ 2002ರಲ್ಲಿ ಖಚಿತವಾಯಿತು. ಹೊರಗೆ ಎಷ್ಟು ಬೆಳಕಿದೆ ಅಂತ ಮಿದುಳಿನ ಗಡಿಯಾರಕ್ಕೆ ತಿಳಿಸುವುದು ಅವುಗಳ ಕೆಲಸ. ನಿದ್ದೆ, ಎಚ್ಚರ ಅದರ ಮೇಲೆ ನಿಂತಿದೆ. ಚಳಿ ದೇಶಗಳಲ್ಲಿ ಚಳಿಗಾಲದಲ್ಲಿ ಬರುವ ಖಿನ್ನತೆಯನ್ನು 1984ರಲ್ಲಿ ರೋಸೆಂತಾಲ್ ಮತ್ತು ಜೊತೆಯವರು ವಿವರಿಸಿದರು, ಬೆಳಗಿನ ಹೊತ್ತು ಪ್ರಖರ ಬೆಳಕು ಕೊಡುವ ಚಿಕಿತ್ಸೆ ಆಮೇಲೆ ಬೆಳೆಯಿತು. ಅತ್ತೆಯವರಿಗೆ ಪ್ರತಿ ಮಳೆಗಾಲವೂ ಇಷ್ಟು ಬೇಸರ ಬರುತ್ತದೆ ಅಂದರೆ ಮಳೆ ಅಂತ ಬಿಡಬೇಡಿ, ಒಮ್ಮೆ ಡಾಕ್ಟರಿಗೆ ತೋರಿಸಿ.

ಮಲೆನಾಡ_ಮಳೆ (ಸಿದ್ದಾಪುರ)
ತೋರಿಸಲು ಹೋಗುವುದು ಎಲ್ಲಿಗೆ? ದೊಡ್ಡ ಆಸ್ಪತ್ರೆ ಬೇಕು ಅಂದರೆ ಹುಬ್ಬಳ್ಳಿ, ಮಂಗಳೂರು, ಮಣಿಪಾಲ, ಇಲ್ಲಾಂದ್ರೆ ಗೋವಾ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಎಷ್ಟು ಕೂಗಿದೆವು. ಘಟ್ಟ ಕುಸಿದರೆ ಆಂಬುಲೆನ್ಸ್ ಕೂಡ ಹೋಗುವುದಿಲ್ಲ.

ತದಡಿ_ಬೋಟ್
2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ 66 ಬಂದ್ ಆಗಿತ್ತಲ್ಲ. ಆ ದಿನಗಳಲ್ಲಿ ಕಾರವಾರದ ಕಡೆಯಿಂದ ಯಾರನ್ನಾದರೂ ಮಂಗಳೂರಿಗೆ ಕರೆದುಕೊಂಡು ಹೋಗುವ ಪರಿಸ್ಥಿತಿ ಬಂದಿದ್ದರೆ ಅಂತ ಈಗಲೂ ಯೋಚನೆ ಆಗುತ್ತದೆ.

ವೇದಿಕೆ_ನಿರ್ವಾಹಕ
ಆಸ್ಪತ್ರೆ ಮತ್ತು ರಸ್ತೆ ವಿಷಯಕ್ಕೆ ಬೇರೆ ಚರ್ಚೆ ತೆರೆದಿದ್ದೇನೆ, ಅಲ್ಲಿ ಮುಂದುವರಿಸಿ. ಇಲ್ಲಿ ಶಿರಸಿಯವರ ಪ್ರಶ್ನೆಗೆ ಬನ್ನಿ.

ಗೋಕರ್ಣ_ಮೆಡಿಕಲ್ಸ್_ಹುಡುಗ
ನಾನು ಕೇಳಿದ್ದು, ಮಾನಸಿಕ ಕಾಯಿಲೆಯ ಮಾತ್ರೆಯಿಂದಲೇ ರೆಟಿನಾ ಹಾಳಾಗುತ್ತದಂತೆ. ತಮ್ಮನವರಿಗೆ ಮಾತ್ರೆ ಸ್ವಲ್ಪ ದಿನ ನಿಲ್ಲಿಸಿ ನೋಡಬಹುದಲ್ಲ?

ಕಾಳಿ_ದಂಡೆ (ಕಾರವಾರ)
ದಯವಿಟ್ಟು ಇಂಥ ಸಲಹೆ ಕೊಡಬೇಡಿ. ಓದುವವರಲ್ಲಿ ಯಾರಾದರೂ ನಿಜವಾಗಿ ನಿಲ್ಲಿಸಿಬಿಡುತ್ತಾರೆ. ಥಯೋರಿಡಾಝಿನ್ ಅನ್ನುವ ಹಳೆಯ ಮಾತ್ರೆ ಜಾಸ್ತಿ ಡೋಸ್‌ನಲ್ಲಿ ರೆಟಿನಾಕ್ಕೆ ಹಾನಿ ಮಾಡುತ್ತಿತ್ತು, ಅದು ಸತ್ಯ. ಈಗ ಅದನ್ನು ಬರೆದುಕೊಡುವುದು ಬಹಳ ಅಪರೂಪ. ಮಾತ್ರೆ ಬಗ್ಗೆ ಅನುಮಾನ ಇದ್ದರೆ ಬರೆದುಕೊಟ್ಟ ಡಾಕ್ಟರನ್ನೇ ಕೇಳಬೇಕು. ತಾನಾಗಿ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ತುಂಬಾ ಜಾಸ್ತಿ.

ಈಗ ಅಕ್ಕನಿಗೆ ನಿಜವಾಗಿ ಹೇಳಬೇಕಾದ ಮಾತು. ಓಲಾಂಝಪಿನ್, ಕ್ಲೋಝಪಿನ್ ಥರದ ಮಾತ್ರೆಗಳಲ್ಲಿ ತೂಕ ಏರುತ್ತದೆ, ಶುಗರ್ ಬರುವ ಸಾಧ್ಯತೆ ಜಾಸ್ತಿ. ಅದಕ್ಕೇ ತಮ್ಮನ ತೂಕ, ಬಿಪಿ, ಶುಗರ್ ಆಗಾಗ ನೋಡಿಸಬೇಕು. ಶುಗರ್ ಇದೆ ಅಂತ ಗೊತ್ತಾದರೆ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಕಡ್ಡಾಯ, ಕಣ್ಣು ಚೆನ್ನಾಗಿ ಕಾಣುತ್ತಿದ್ದರೂ. ನಾನು ನೋಡಿದ ಮಟ್ಟಿಗೆ ಮಾನಸಿಕ ಕಾಯಿಲೆ ಇರುವವರ ಮೈಯ ಕಾಯಿಲೆಗಳನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಕಣ್ಣು ಮಂಜು ಅಂದರೂ "ಅವನಿಗೆ ತಲೆ ಸರಿ ಇಲ್ಲ, ಏನೋ ಹೇಳುತ್ತಾನೆ" ಅನ್ನುತ್ತಾರೆ. ಅದು ನೋಡಿದಾಗ ತುಂಬಾ ನೋವಾಗುತ್ತದೆ. ತಮ್ಮನಿಗೆ ಕಣ್ಣಿನ ಫೋಟೋ ಬೇಕು ಅಂದರೆ ಈ ಕಾರಣಕ್ಕೆ ತೆಗೆಸಿ, ಕಣ್ಣಿನ ಡಾಕ್ಟರು ಇರುವ ಕಡೆ.

ಯಾಣದ_ದಾರಿ (ಶಿರಸಿ)
ಇದನ್ನು ಯಾರೂ ನಮಗೆ ಹೇಳಿರಲಿಲ್ಲ. ಅವನ ತೂಕ ಜಾಸ್ತಿ ಆಗಿದೆ, ಶುಗರ್ ನೋಡಿಸಿಲ್ಲ. ನೋಡಿಸುತ್ತೇವೆ.

ಆದರೆ ಅಮ್ಮನ ಮಾತಿಗೆ ಏನು ಉತ್ತರ ಕೊಡಲಿ? ಅವರಿಗೆ ನೆಂಟರ ಮುಂದೆ ಇಡಲು ಏನಾದರೂ ಬೇಕು.

ಮುರ್ಡೇಶ್ವರ_ಅಲೆ
ಅಕ್ಕಾ, ನನ್ನ ಅಣ್ಣನಿಗೂ ಇದೇ ಕಾಯಿಲೆ. ನಮ್ಮ ಮನೆಯಲ್ಲೂ ಇದೇ ಮಾತು ಕೇಳಿ ಕೇಳಿ ಸಾಕಾಗಿತ್ತು.

ಕಾಗದ ಬೇಕು ಅಂದರೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಥರದ ಅಂಗವೈಕಲ್ಯಗಳ ಪಟ್ಟಿ ಇದೆ, ಅದರಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು ಮಾತಾಡಿಸಿ ಅಳೆಯುತ್ತಾರೆ. ತನ್ನ ಕೆಲಸ ತಾನು ಮಾಡಿಕೊಳ್ಳುತ್ತಾನಾ, ಜನರ ಜೊತೆ ಹೇಗಿದ್ದಾನೆ, ಮಾತು ಅರ್ಥ ಆಗುತ್ತದಾ, ದುಡಿಮೆ ಹೇಗಿದೆ, ಎಷ್ಟು ವರ್ಷದಿಂದ ಕಾಯಿಲೆ ಇದೆ, ಇದನ್ನೆಲ್ಲ ನೋಡಿ ಅಂಕ ಕೊಡುತ್ತಾರೆ. 40 ಪರ್ಸೆಂಟ್ ಅಥವಾ ಜಾಸ್ತಿ ಬಂದರೆ ಸವಲತ್ತು ಸಿಗುತ್ತದೆ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಬರುತ್ತದೆ. ಯಾವ ಸ್ಕ್ಯಾನೂ ಕೇಳುವುದಿಲ್ಲ. ತಮ್ಮ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಅಷ್ಟು ಅಂಕ ಬರದೆಯೂ ಇರಬಹುದು, ಅದು ಒಳ್ಳೆಯ ಸುದ್ದಿಯೇ.

ನೆಂಟರ ವಿಷಯಕ್ಕೆ ನಾವು ಮಾಡಿದ್ದು ಬೇರೆ. ಬಹಳ ಮಾತಾಡುತ್ತಿದ್ದ ದೊಡ್ಡಪ್ಪನನ್ನೇ ಅಣ್ಣನ ಜೊತೆ ಡಾಕ್ಟರ ಹತ್ತಿರ ಕಳಿಸಿದೆವು, ಅಣ್ಣನನ್ನು ಕೇಳಿಯೇ. ಡಾಕ್ಟರು ಅವರಿಗೆ ಸಮಾಧಾನದಿಂದ ಹೇಳಿದರು. ದೊಡ್ಡಪ್ಪ ಪೂರ್ತಿ ಬದಲಾದರು ಅಂತ ಹೇಳುವುದಿಲ್ಲ. ಆದರೆ ಸೋಗು ಅನ್ನುವ ಮಾತು ಮತ್ತೆ ಅವರ ಬಾಯಲ್ಲಿ ಬಂದಿಲ್ಲ.

ಹೊನ್ನಾವರ_ಬಂದರು
ಆ ಫೋಟೋ ತೆಗೆಸಿ ಅದು ನಾರ್ಮಲ್ ಅಂತ ಬಂದರೆ ಏನಾಗುತ್ತಿತ್ತು ಯೋಚನೆ ಮಾಡಿ. ನೆಂಟರು ಅದನ್ನೇ ಹಿಡಿದು "ನೋಡಿ, ಮೆಷಿನ್ ಹೇಳಿದೆ, ಏನೂ ಇಲ್ಲ" ಅನ್ನುತ್ತಿದ್ದರು. ಅಮ್ಮನಿಗೆ ಇದನ್ನು ಹೇಳಿ.

ಯಾಣದ_ದಾರಿ (ಶಿರಸಿ)
ಈಗಷ್ಟೇ ಓದಿ ಹೇಳಿದೆ. ಅಮ್ಮ ಸುಮ್ಮನಾದರು. "ಹಾಗಾದರೆ ಮಾವನನ್ನು ಕರೆದುಕೊಂಡು ಹೋಗೋಣ" ಅಂದರು. ತಮ್ಮನನ್ನೂ ಕೇಳಿದೆ, ಬರಲಿ ಅಂದ. ತಮ್ಮನನ್ನು ತೋರಿಸುವ ಧಾರವಾಡದ ತನಕ ಎಲ್ಲರನ್ನೂ ಕರೆದುಕೊಂಡು ಹೋಗುವುದು ಕಷ್ಟ. ಹತ್ತಿರದಲ್ಲಿ ಎಲ್ಲಾದರೂ ಇದೆಯಾ?

ಮುರ್ಡೇಶ್ವರ_ಅಲೆ
ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ದಿನ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ಎಲ್ಲಾ ಮಂಗಳವಾರ ಒಂದೇ ತಾಲ್ಲೂಕಿಗೆ ಬರುವುದಿಲ್ಲ, ಹಾಗಾಗಿ ನಿಮ್ಮ ಆಸ್ಪತ್ರೆಗೆ ಫೋನ್ ಮಾಡಿ ಯಾವ ವಾರ ಅಂತ ಕೇಳಿಕೊಳ್ಳಿ. ಮಧ್ಯೆ ಏನಾದರೂ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ, ದಿನದ ಯಾವ ಹೊತ್ತಿಗೂ. ದುಡ್ಡು ಇಲ್ಲ. ಅಮ್ಮನೂ ಮಾಡಬಹುದು, ಮನೆಯವರಿಗೂ ಅದು ಇದೆ.

ಕಾಳಿ_ದಂಡೆ (ಕಾರವಾರ)
ಅದೇ ದಿನ ಅಲ್ಲೇ ರಕ್ತ ಕೊಟ್ಟು ಶುಗರ್ ನೋಡಿಸಿಬಿಡಿ. ಮತ್ತೆ ಕಣ್ಣಿನ ಪರೀಕ್ಷೆಗೆ ಹೋದ ದಿನ ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿದರೆ ಕೆಲವು ಗಂಟೆ ಹತ್ತಿರದ್ದು ಮಂಜು, ಬಿಸಿಲು ತಡೆಯಲು ಆಗುವುದಿಲ್ಲ. ತಮ್ಮನಿಗೆ ಮೊದಲೇ ಬೆಳಕು ಚುಚ್ಚುತ್ತಿತ್ತು ಅಂದಿರಿ, ಹಾಗಾಗಿ ಹೀಗೆ ಆಗುತ್ತದೆ, ಸಂಜೆಗೆ ಸರಿ ಹೋಗುತ್ತದೆ ಅಂತ ಅವನಿಗೆ ಮುಂಚೆಯೇ ಹೇಳಿಡಿ. ಕಪ್ಪು ಕನ್ನಡಕ ಇಟ್ಟುಕೊಳ್ಳಿ. ಬೈಕ್ ತರಬೇಡಿ, ಬಸ್ಸಲ್ಲಿ ಹೋಗಿ.

ಯಾಣದ_ದಾರಿ (ಶಿರಸಿ)
ಸರಿ ಅಣ್ಣಾ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡುತ್ತೇನೆ.